ಕೋಡಿಬಾಗದ ಗಡಸು ನೀರಿನಿಂದ ಶಿರಸಿಯ ಮೆದು ನೀರಿಗೆ: ಒಂದು ಗಾಜಿನ ತೊಟ್ಟಿಯ ಒಂಬತ್ತು ತಿಂಗಳು

ಕಳೆದ ವಾರ ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿರುವ, ಮೀನು ಮತ್ತು ನೀರುಗಿಡಗಳ ಗಾಜಿನ ತೊಟ್ಟಿಯಲ್ಲಿ ಅಮೆಜಾನ್ ಸ್ವೋರ್ಡ್ ಎಂಬ ನೀರುಗಿಡವು ಸತತವಾಗಿ ನಾಲ್ಕನೆಯ ನೆಟ್ಟಗಿನ ಎಲೆಯನ್ನು ಬಿಟ್ಟಿತು. ಮುರುಟದೆ, ತುದಿ ಕಪ್ಪಾಗದೆ, ಬಣ್ಣಗೆಡದೆ ಬಿಚ್ಚಿಕೊಂಡ ಇಂಥ ಎಲೆಗಳಿಗಾಗಿ ನಾನು ಒಂಬತ್ತು ತಿಂಗಳು ಕಾದಿದ್ದೇನೆ. ಕಾರವಾರದಲ್ಲಿ ಮೂರು ವರ್ಷ ಸೊಂಪಾಗಿ ಬೆಳೆದಿದ್ದ ಗಿಡಗಳು ಘಟ್ಟ ಹತ್ತಿ ಬಂದ ಮೂರೇ ವಾರಗಳಲ್ಲಿ ಕರಗತೊಡಗಿದಾಗ ಏನು ಮಾಡಬೇಕೆಂದು ಹೇಳುವವರು ನನಗೆ ಯಾರೂ ಸಿಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಕರಾವಳಿಯ ಬಾವಿಗೂ ಮಲೆನಾಡಿನ ಬಾವಿಗೂ ಇರುವ ಅಂತರ ಬಹಳ ದೊಡ್ಡದು. ವರ್ಗಾವಣೆಯಾಗಿ ಮೇಲಕ್ಕೋ ಕೆಳಕ್ಕೋ ಹೋಗುವಾಗ ತೊಟ್ಟಿಯನ್ನೂ ಹೊತ್ತೊಯ್ಯುವವರಿಗೆ ನನ್ನ ಖರ್ಚು, ಕಾಯುವಿಕೆ ಮತ್ತು ತಪ್ಪುಗಳು ಉಪಯೋಗಕ್ಕೆ ಬರಲಿ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದಲ್ಲಿ ಬಾಡಿಗೆಗಿದ್ದೆ. ತೊಟ್ಟಿ ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರದ್ದು. ಮರಳು, ಕಲ್ಲು ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ ಅದರಲ್ಲಿ ನಿಲ್ಲುವ ನೀರು ಸುಮಾರು 100 ಲೀಟರ್. ಈ ಲೆಕ್ಕವನ್ನು ಎಲ್ಲರೂ ಮೊದಲೇ ಮಾಡಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಹಾಕುವ ಪ್ರತಿಯೊಂದು ಗ್ರಾಂ ಗೊಬ್ಬರವೂ ಇದನ್ನೇ ಆಧರಿಸಿರುತ್ತದೆ. ತೊಟ್ಟಿಗೆ ಹಿತ್ತಲಿನ ಬಾವಿಯ ನೀರನ್ನೇ ಬಳಸುತ್ತಿದ್ದೆ. ಮನೆಯೊಡತಿ ಮೊದಲ ಬೇಸಿಗೆಯಲ್ಲಿಯೇ ಹೇಳಿದ್ದರು: "ಅಕ್ಕೋರೇ, ಮೇ ತಿಂಗಳಲ್ಲಿ ಈ ನೀರಲ್ಲಿ ಬೇಳೆ ಬೇಯೂದಿಲ್ಲ ನೋಡಿ, ಅದಕ್ಕೇ ನಾವು ಅಡುಗೆಗೆ ನಲ್ಲಿ ನೀರು ಹಿಡಿಯೂದು." ಬೇಳೆ ಬೇಯದಿರುವುದು ನೀರಿನ ಗಡಸುತನದ ನೇರ ಲಕ್ಷಣವೆಂಬುದು ಆಗ ನನಗೆ ಹೊಳೆಯಲಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಕಾಳನ್ನು ಗಟ್ಟಿಗೊಳಿಸುತ್ತವೆ. ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟದಲ್ಲಿ ಕೂರುತ್ತಿದ್ದ ಬಿಳಿಯ ಗೆರೆಯೂ ಅದನ್ನೇ ಹೇಳುತ್ತಿತ್ತು.

ಆ ನೀರಿನಲ್ಲಿ ವ್ಯಾಲಿಸ್ನೇರಿಯಾ ಹುಲ್ಲಿನಂತೆ ಹಬ್ಬಿತು. ಸ್ವೋರ್ಡ್ ಕೂಡ ಚೆನ್ನಾಗಿ ಬೆಳೆಯಿತು. ಗಪ್ಪಿ ಮೀನುಗಳು ಮರಿಗಳ ಮೇಲೆ ಮರಿ ಹಾಕಿದವು. ರೋಟಲಾ ಎಂಬ ಗಿಡ ಮಾತ್ರ ಒಂದು ದಿನವೂ ಸುಖವಾಗಿರಲಿಲ್ಲ. ಅದರ ಹೊಸ ಎಲೆಗಳು ನರಗಳು ಮಾತ್ರ ಹಸಿರಾಗಿ, ಉಳಿದ ಭಾಗವೆಲ್ಲ ಬೆಳ್ಳಗಾಗಿ ಹೊರಬರುತ್ತಿದ್ದವು. ಇದು ಕಬ್ಬಿಣದ ಕೊರತೆಯೆಂದು ತಿಳಿದು ದ್ರವರೂಪದ ಕಬ್ಬಿಣದ ಗೊಬ್ಬರವನ್ನು ತರಿಸಿ ಹಾಕಿದೆ. ಒಂದು ತಿಂಗಳು ಹಾಕಿದರೂ ಎಲೆಗೆ ಬಣ್ಣ ಬರಲಿಲ್ಲ. ಪ್ರಮಾಣ ಹೆಚ್ಚಿಸಿದಾಗ ಗಾಜಿನ ಮೇಲೆ ಪಾಚಿ ಬಂದಿತೇ ಹೊರತು ಗಿಡಕ್ಕೇನೂ ಆಗಲಿಲ್ಲ. ಕೊನೆಗೆ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಸಹೋದ್ಯೋಗಿಯೊಬ್ಬರು, ಮೊದಲು ನೀರನ್ನು ಪರೀಕ್ಷೆ ಮಾಡಿಸಿ, ಆಮೇಲೆ ಗೊಬ್ಬರದ ಮಾತು ಎಂದರು.

ಜಿಲ್ಲಾ ಕೇಂದ್ರದ ಒಂದು ಪ್ರಯೋಗಾಲಯಕ್ಕೆ ಮೂರು ಸಲ ಹೋಗಬೇಕಾಯಿತು. ಮೊದಲನೆಯ ದಿನ ನಾನು ಒಯ್ದದ್ದು ಹಣ್ಣಿನ ರಸದ ಖಾಲಿ ಬಾಟಲಿಯಲ್ಲಿ ತುಂಬಿದ ನೀರು, ಅದನ್ನು ಸ್ವೀಕರಿಸಲಿಲ್ಲ. ಅದು ಸರಿಯಾದ ನಿಲುವೇ. ಸ್ವಚ್ಛವಾದ ಎರಡು ಲೀಟರಿನ ಪ್ಲಾಸ್ಟಿಕ್ ಕ್ಯಾನನ್ನು ಅದೇ ಬಾವಿಯ ನೀರಿನಿಂದ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಿ, ತೆಗೆದ ದಿನವೇ ಒಪ್ಪಿಸಬೇಕು. ಎರಡನೆಯ ದಿನ, ಬಾವಿ ನನ್ನದಲ್ಲವಾದ್ದರಿಂದ ಮಾಲೀಕರ ಒಪ್ಪಿಗೆ ಪತ್ರ ಬೇಕೆಂದರು. ಮೂರನೆಯ ದಿನ ಅರ್ಜಿ, ಆಧಾರ್ ಪ್ರತಿ, ಒಪ್ಪಿಗೆ ಪತ್ರ ಎಲ್ಲವನ್ನೂ ಕೊಟ್ಟಾಗ ಅರ್ಜಿಯಲ್ಲಿ 'ಉದ್ದೇಶ' ಎಂಬಲ್ಲಿ ಕುಡಿಯಲು, ಕೃಷಿಗೆ, ಕಟ್ಟಡಕ್ಕೆ ಎಂಬ ಮೂರೇ ಆಯ್ಕೆಗಳಿದ್ದವು. ಕುಡಿಯಲು ಎಂದು ಬರೆದೆ. ಶುಲ್ಕಕ್ಕಿಂತ ಆಟೋದ ಖರ್ಚೇ ಹೆಚ್ಚಾಯಿತು. ವರದಿ ಕೈಗೆ ಬರಲು ಹನ್ನೆರಡು ದಿನ ಹಿಡಿಯಿತು. ಹೀಗೆ ಪರೀಕ್ಷೆ ಮಾಡಿಸುವವರು ಒಂದು ವಿಷಯವನ್ನು ನೆನಪಿಡಬೇಕು: ಒಟ್ಟು ಗಡಸುತನದ ಜೊತೆಗೆ ಕ್ಷಾರೀಯತೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇವು ಮೂರೂ ಬೇಕೆಂದು ಅರ್ಜಿಯಲ್ಲಿಯೇ ಬರೆದು ಕೊಡಿ. ಬರಿದೇ ಟಿಡಿಎಸ್, ಎಂದರೆ ನೀರಿನಲ್ಲಿ ಕರಗಿದ ಒಟ್ಟು ವಸ್ತುಗಳ ಅಂಕಿಯಿಂದ ಗಿಡಕ್ಕೆ ಬೇಕಾದ ಯಾವ ಉತ್ತರವೂ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಅಡುಗೆ ಉಪ್ಪೂ ಸೇರಿರುತ್ತದೆ.

ಮೇ ತಿಂಗಳಲ್ಲಿ ತೆಗೆದ ಆ ನೀರಿನ ವರದಿ ಹೀಗಿತ್ತು: ಒಟ್ಟು ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 356 ಮಿಲಿಗ್ರಾಂ, ಕ್ಯಾಲ್ಸಿಯಂ 88 ಮತ್ತು ಮೆಗ್ನೀಸಿಯಂ 33, ಕ್ಷಾರೀಯತೆ 212, ಕ್ಲೋರೈಡ್ 310, ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7.9. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಒಟ್ಟು ಗಡಸುತನಕ್ಕೆ 200 ಮಿಲಿಗ್ರಾಂ ಒಪ್ಪಿತ ಮಿತಿಯೆಂದೂ, ಬೇರೆ ನೀರಿನ ಮೂಲವಿಲ್ಲದಿದ್ದಾಗ 600ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ತೊಟ್ಟಿ ಸಾಕುವವರು ಬಳಸುವ ಡಿಗ್ರಿ ಲೆಕ್ಕಕ್ಕೆ ಬರಬೇಕಾದರೆ ಈ ಅಂಕಿಯನ್ನು 17.8ರಿಂದ ಭಾಗಿಸಬೇಕು. ಅಂದರೆ ನಮ್ಮ ಬಾವಿಯ ಸಾಮಾನ್ಯ ಗಡಸುತನ, ಎಂದರೆ ಜಿಎಚ್, 20 ಡಿಗ್ರಿ. ಕ್ಷಾರೀಯತೆಯಿಂದ ಸಿಗುವ ಕಾರ್ಬೊನೇಟ್ ಗಡಸುತನ, ಎಂದರೆ ಕೆಎಚ್, ಸುಮಾರು 12 ಡಿಗ್ರಿ. ಜಿಎಚ್ ಎಂಬುದು ಗಿಡ ತಿನ್ನುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲೆಕ್ಕವಾದರೆ, ಕೆಎಚ್ ಎಂಬುದು ಆಮ್ಲವನ್ನು ನುಂಗಿ ಪಿಎಚ್ ಅನ್ನು ಅಲುಗದಂತೆ ಹಿಡಿದಿಡುವ ಬೈಕಾರ್ಬೊನೇಟಿನ ಲೆಕ್ಕ. ಇವೆರಡನ್ನೂ ಒಂದೇ ಎಂದು ತಿಳಿದದ್ದರಿಂದ ನಾನು ಮುಂದೆ ಬಹಳ ದಿನ ಕಳೆದುಕೊಂಡೆ.

ರೋಟಲಾ ಬೆಳ್ಳಗಾದದ್ದಕ್ಕೆ ಕಾರಣವೂ ಈ ಅಂಕಿಗಳಲ್ಲಿಯೇ ಇತ್ತು. ನಾನು ಹಾಕುತ್ತಿದ್ದ ಗೊಬ್ಬರದಲ್ಲಿ ಕಬ್ಬಿಣವನ್ನು ಇಡಿಟಿಎ ಎಂಬ ವಸ್ತು ಹಿಡಿದಿಟ್ಟಿರುತ್ತದೆ. ಪಿಎಚ್ ಎಂಟರ ಹತ್ತಿರವಿದ್ದು ಕ್ಯಾಲ್ಸಿಯಂ ಹೇರಳವಾಗಿರುವ ನೀರಿನಲ್ಲಿ ಅದರ ಹಿಡಿತ ಬೇಗ ಸಡಿಲುತ್ತದೆ. ಬಿಡುಗಡೆಯಾದ ಕಬ್ಬಿಣ ಗಿಡಕ್ಕೆ ಸಿಗುವ ಮೊದಲೇ ತುಕ್ಕಿನಂತೆ ತಳಕ್ಕಿಳಿಯುತ್ತದೆ. ಡಿಟಿಪಿಎ ಎಂಬ ಇನ್ನೊಂದು ವಸ್ತು ಹಿಡಿದಿಟ್ಟ ಕಬ್ಬಿಣವಾದರೆ ಪಿಎಚ್ ಏಳೂವರೆಯ ಆಸುಪಾಸಿನವರೆಗೂ ಉಳಿಯುತ್ತದೆ. ಹೀಗಾಗಿ ಎರಡು ಕೆಲಸ ಮಾಡಿದೆ. ಮಳೆಗಾಲದಲ್ಲಿ ಹೆಂಚಿನಿಂದ ಇಳಿಯುವ ನೀರನ್ನು, ಮೊದಲ ಕೆಲವು ಮಳೆಗಳನ್ನು ಬಿಟ್ಟು, 200 ಲೀಟರಿನ ಡ್ರಮ್ಮಿಗೆ ಹಿಡಿದು ಬಾವಿ ನೀರಿಗೆ ಸಮಪಾಲು ಬೆರೆಸಿದೆ. ಜೊತೆಗೆ ಗೊಬ್ಬರವನ್ನೂ ಬದಲಿಸಿದೆ. ಮೂರು ವಾರಗಳಲ್ಲಿ ರೋಟಲಾದ ತುದಿಗೆ ಕೆಂಪು ಬಂದಿತು. ಬೇಸಿಗೆಯಲ್ಲಿ ಮಳೆನೀರು ಮುಗಿದಾಗ ಆರ್‌ಒ ನೀರಿನ ಕ್ಯಾನ್ ಕೊಂಡು ಬೆರೆಸುತ್ತಿದ್ದೆ.

ಹೀಗೆ ಎಲ್ಲವೂ ಹಿಡಿತಕ್ಕೆ ಬಂದಿತೆನ್ನುವಾಗ ಶಿರಸಿಗೆ ವರ್ಗಾವಣೆಯಾಯಿತು.

ಜೂನ್ ಮೊದಲ ವಾರ ತೊಟ್ಟಿಯನ್ನು ಖಾಲಿ ಮಾಡಿದೆ. ಮೀನು ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತಂದು ಗಿಡಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಇಟ್ಟೆ. ಗಪ್ಪಿ ಮತ್ತು ಜೀಬ್ರಾ ಡೇನಿಯೋ ಮೀನುಗಳನ್ನು ಅವುಗಳ ಹಳೆಯ ನೀರಿನಲ್ಲಿಯೇ ಕ್ಯಾನಿಗೆ ಹಾಕಿದೆ. ಸಾಮಾನಿನ ಗಾಡಿ ದೇವಿಮನೆ ಘಟ್ಟವನ್ನು ಹತ್ತಿ ಮನೆ ಮುಟ್ಟುವಾಗ ಸಂಜೆಯಾಗಿತ್ತು. ಶೋಧಕದ (ಫಿಲ್ಟರಿನ) ಸ್ಪಂಜನ್ನು, ಅದರ ಬ್ಯಾಕ್ಟೀರಿಯಾಗಳು ಸಾಯದಂತೆ, ಒಣಗಲು ಬಿಡದೆ ಹಳೆಯ ನೀರಿನಲ್ಲಿಟ್ಟು ತಂದದ್ದು ನಾನು ಮಾಡಿದ ಒಂದು ಸರಿಯಾದ ಕೆಲಸ. ತೊಟ್ಟಿಗೆ ನಮ್ಮ ತೋಟದ ಬಾವಿಯ ನೀರನ್ನು ತುಂಬಿದಾಗ ಅದರ ತಿಳಿಯನ್ನು ಕಂಡು ನನಗೆ ಬಹಳ ಸಂತೋಷವಾಗಿತ್ತು. ಕುಡಿಯಲು ಸಿಹಿಯಾಗಿರುವ, ಬೇಳೆ ಅರೆಗಳಿಗೆಯಲ್ಲಿ ಬೇಯುವ ಈ ನೀರಿಗಿಂತ ಒಳ್ಳೆಯ ನೀರು ಗಿಡಗಳಿಗೆ ಇನ್ನೆಲ್ಲಿ ಸಿಗಬೇಕು ಎಂದುಕೊಂಡೆ. ಮೈಗೆ ಹಚ್ಚಿದ ಸಾಬೂನು ಎಷ್ಟು ನೀರು ಸುರಿದರೂ ಜಾರುತ್ತಲೇ ಇರುವುದನ್ನು ಬಾಲ್ಯದಿಂದ ಕಂಡಿದ್ದರೂ ಅದರ ಅರ್ಥವನ್ನು ಯೋಚಿಸಿರಲಿಲ್ಲ.

ಜುಲೈ ಆರಂಭದಲ್ಲಿ ವ್ಯಾಲಿಸ್ನೇರಿಯಾದ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಕೈಗೆ ಲೋಳೆಯಾಗಿ ಬಂದವು. ಸ್ವೋರ್ಡಿನ ಹೊಸ ಎಲೆಗಳು ಅರ್ಧ ಬಿಚ್ಚುವಷ್ಟರಲ್ಲಿ ತಿರುಚಿಕೊಂಡು, ತುದಿ ಕಂದಿ ನಿಂತುಬಿಟ್ಟವು. ಕ್ರಿಪ್ಟೊಕೊರೈನ್ ಗಿಡ ಒಂದು ವಾರದಲ್ಲಿ ಪೂರ್ತಿ ಕರಗಿತು. ಗಪ್ಪಿಗಳು ರೆಕ್ಕೆಯನ್ನು ಮೈಗಂಟಿಸಿಕೊಂಡು ಮೂಲೆ ಹಿಡಿದವು. ಮಳೆಗಾಲದ ಕತ್ತಲು, ಎರಡೆರಡು ದಿನ ವಿದ್ಯುತ್ ಇಲ್ಲದಿರುವುದು, ಇವೇ ಕಾರಣವೆಂದು ಮೊದಲು ಭಾವಿಸಿದೆ. ವಿದ್ಯುತ್ ಬಂದ ಮೇಲೂ ಸುಧಾರಿಸದಿದ್ದಾಗ, ಗಿಡಗಳಿಗೆ ಹೊಟ್ಟೆಗೆ ಸಾಲುತ್ತಿಲ್ಲವೆಂದು ಗೊಬ್ಬರವನ್ನು ಇಮ್ಮಡಿ ಮಾಡಿದೆ. ನನ್ನ ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಸಿಯಂ, ಕಬ್ಬಿಣ ಎಲ್ಲವೂ ಇದ್ದವು. ಕ್ಯಾಲ್ಸಿಯಂ ಇರಲಿಲ್ಲ, ಮೆಗ್ನೀಸಿಯಂ ಹೆಸರಿಗೆ ಮಾತ್ರ ಇತ್ತು. ತೊಟ್ಟಿಯ ಬಹುತೇಕ ಗೊಬ್ಬರಗಳು ಇವೆರಡೂ ನೀರಿನಿಂದಲೇ ಸಿಗುತ್ತವೆಂಬ ನಂಬಿಕೆಯ ಮೇಲೆ ತಯಾರಾಗಿರುತ್ತವೆ. ಕಾರವಾರದ ಬಾವಿ ಆ ನಂಬಿಕೆಯನ್ನು ಉಳಿಸಿತ್ತು.

ಆಗಸ್ಟ್ ತಿಂಗಳಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಯಾರೂ ಮಾಡಬಾರದು. ತರಿಸಿಟ್ಟ ಗೊಬ್ಬರ ಮುಗಿದಿತ್ತು. ತೋಟಕ್ಕೆಂದು ತಂದಿದ್ದ 19:19:19 ಗೊಬ್ಬರ (ಈ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಸಿಯಂಗಳ ಪಾಲನ್ನು ಹೇಳುತ್ತವೆ) ಕೊಟ್ಟಿಗೆಯ ಅಟ್ಟದಲ್ಲಿತ್ತು. ಪೂರ್ತಿ ನೀರಿನಲ್ಲಿ ಕರಗುವ ಗೊಬ್ಬರವಲ್ಲವೇ ಎಂದು ಒಂದು ಚಮಚ, ಎಂದರೆ ಸುಮಾರು ಐದು ಗ್ರಾಂ ಹಾಕಿದೆ. ಆ ಗೊಬ್ಬರದ ಸಾರಜನಕದ ಹೆಚ್ಚಿನ ಪಾಲು ಯೂರಿಯಾ ಮತ್ತು ಅಮೋನಿಯಂ ರೂಪದಲ್ಲಿರುತ್ತದೆ. ಶೋಧಕದ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಬದಲಿಸುವಾಗ ಆಮ್ಲ ಹುಟ್ಟುತ್ತದೆ. ಒಂದು ಡಿಗ್ರಿ ಕೆಎಚ್ ಇರುವ ನೀರು ಲೀಟರಿಗೆ ಎರಡೂವರೆ ಮಿಲಿಗ್ರಾಂ ಅಮೋನಿಯಂ ಸಾರಜನಕದಿಂದ ಬರುವ ಆಮ್ಲವನ್ನು ಮಾತ್ರ ತಾಳಬಲ್ಲದು. ನಾನು ಹಾಕಿದ್ದು ಅದಕ್ಕಿಂತ ಬಹಳ ಹೆಚ್ಚು. ಐದನೆಯ ದಿನ ನೀರು ಹಸಿರುಗಟ್ಟಿತು. ಪಿಎಚ್ ಕಾಗದ ಐದೂವರೆಯ ಬಣ್ಣಕ್ಕೆ ತಿರುಗಿತು. ನಾಲ್ಕು ಗಪ್ಪಿಗಳು ಸತ್ತವು. ಕಾರವಾರದ ಎಂಟರ ಪಿಎಚ್ ನೀರಿಗೆ ಇದನ್ನೇ ಹಾಕಿದ್ದರೆ ಅಮೋನಿಯಂನ ಒಂದು ಪಾಲು ನೇರವಾಗಿ ವಿಷಕಾರಿ ಅಮೋನಿಯಾ ಆಗಿ ಒಂದು ಮೀನೂ ಉಳಿಯುತ್ತಿರಲಿಲ್ಲವೇನೋ. 12:61:0 ಕೂಡ ಅಮೋನಿಯಂ ಇರುವ ಗೊಬ್ಬರವೇ. ತೋಟದ ಕ್ಯಾಲ್ಸಿಯಂ ನೈಟ್ರೇಟಿನಲ್ಲಿಯೂ ಸ್ವಲ್ಪ ಅಮೋನಿಯಂ ಇರುವುದು ಸಾಮಾನ್ಯ. ಮೀನಿರುವ ತೊಟ್ಟಿಗೆ ಇವು ಬೇಡ.

ಸತ್ತ ಮೀನುಗಳನ್ನು ತೆಗೆದು ಅರ್ಧ ನೀರು ಬದಲಿಸುತ್ತಿದ್ದಾಗ ಅಪ್ಪಯ್ಯ ಬಂದು ಗಾಜಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. ಐವತ್ತು ವರ್ಷ ಅಡಿಕೆ ತೋಟದಲ್ಲಿ ಓಡಾಡಿದವರು. "ಕೂಸೇ, ಇದು ರೋಗ ಅಲ್ದೇ. ಸುಳಿ ಮುರುಟಿದ್ದು ನೋಡು. ನಮ್ಮನೆ ಬಾವಿ ನೀರಲ್ಲಿ ಎಂತೂ ಇಲ್ಲೆ" ಎಂದರು. ಹಳೆಯ ಎಲೆ ಕೆಟ್ಟರೆ ಒಂದು ಕಾರಣ, ಸುಳಿ ಕೆಟ್ಟರೆ ಬೇರೆ ಕಾರಣ ಎಂಬುದು ತೋಟದವರಿಗೆ ಹೊಸ ಮಾತಲ್ಲ. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಗಿಡವು ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಸಾಗಿಸಬಲ್ಲದು, ಆದ್ದರಿಂದ ಅವುಗಳ ಕೊರತೆ ಕೆಳಗಿನ ಎಲೆಗಳಲ್ಲಿ ಮೊದಲು ಕಾಣುತ್ತದೆ. ಕ್ಯಾಲ್ಸಿಯಂ ಒಮ್ಮೆ ಎಲೆಯ ಗೋಡೆಗೆ ಸೇರಿದರೆ ಅಲ್ಲಿಂದ ಕದಲದು. ಕಬ್ಬಿಣವೂ ಹೆಚ್ಚು ಕಡಿಮೆ ಹಾಗೆಯೇ. ಆದ್ದರಿಂದ ಇವುಗಳ ಕೊರತೆ ಸುಳಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕಬ್ಬಿಣ ಸಾಲದಿದ್ದರೆ ಹೊಸ ಎಲೆ ಬೆಳ್ಳಗಾಗುತ್ತದೆ, ಆದರೆ ಆಕಾರ ಕೆಡುವುದಿಲ್ಲ. ಕ್ಯಾಲ್ಸಿಯಂ ಸಾಲದಿದ್ದರೆ ಆಕಾರವೇ ಕೆಡುತ್ತದೆ. ಎರಡು ತಿಂಗಳಿಂದ ನನ್ನ ಕಣ್ಣೆದುರಿಗಿದ್ದ ಈ ಭೇದವನ್ನು ಅಪ್ಪಯ್ಯ ಒಂದು ನೋಟಕ್ಕೆ ಕಂಡರು.

ಹನಿ ಎಣಿಸುವ ಜಿಎಚ್, ಕೆಎಚ್ ಪರೀಕ್ಷಾ ಕಿಟ್ಟನ್ನು ತರಿಸಿದೆ. ಮಳೆಯಿಂದಾಗಿ ಕೊರಿಯರ್ ಬರಲು ಹನ್ನೊಂದು ದಿನ ಹಿಡಿಯಿತು. ಸಾವಿರದ ಇನ್ನೂರು ರೂಪಾಯಿಗಳ ಒಳಗಾಯಿತು. ಐದು ಮಿಲಿಲೀಟರ್ ನೀರಿಗೆ ಒಂದೊಂದೇ ಹನಿ ಹಾಕುತ್ತ ಬಣ್ಣ ತಿರುಗುವವರೆಗೆ ಎಣಿಸಬೇಕು, ಒಂದು ಹನಿಗೆ ಒಂದು ಡಿಗ್ರಿ. ಕಾರವಾರದಲ್ಲಾಗಿದ್ದರೆ ಇಪ್ಪತ್ತು ಹನಿ ಬೇಕಾಗುತ್ತಿದ್ದವು. ಇಲ್ಲಿ ಎರಡೂ ಪರೀಕ್ಷೆಗಳಲ್ಲಿ ಮೊದಲ ಹನಿಗೇ ಬಣ್ಣ ತಿರುಗಿತು. ಮಲೆನಾಡಿನ ನೀರು ಅಳೆಯುವವರು ಐದರ ಬದಲು ಹತ್ತು ಮಿಲಿಲೀಟರ್ ತೆಗೆದುಕೊಂಡರೆ ಒಂದು ಹನಿಗೆ ಅರ್ಧ ಡಿಗ್ರಿಯ ನಿಖರತೆ ಸಿಗುತ್ತದೆ. ಖಚಿತಪಡಿಸಿಕೊಳ್ಳಲು ಪ್ರಯೋಗಾಲಯಕ್ಕೂ ಕಳಿಸಿದೆ. ಈ ಸಲ ಕ್ಯಾನು, ಕಾಗದಪತ್ರ ಎಲ್ಲವೂ ಸರಿಯಿದ್ದವು, ವಾರದಲ್ಲಿ ವರದಿ ಬಂದಿತು: ಒಟ್ಟು ಗಡಸುತನ 16, ಕ್ಯಾಲ್ಸಿಯಂ 4, ಮೆಗ್ನೀಸಿಯಂ 1.5, ಕ್ಷಾರೀಯತೆ 14, ಪಿಎಚ್ 6.2. ಒಂದು ಡಿಗ್ರಿಗೂ ಕಡಿಮೆ. ಮಳೆನೀರಿನಲ್ಲಿ ಖನಿಜ ಅತ್ಯಲ್ಪ. ಅದು ಇಳಿದು ಬರುವ ನಮ್ಮ ಚಿರೇಕಲ್ಲಿನ ನೆಲವೂ ಲಕ್ಷಾಂತರ ವರ್ಷಗಳ ಮಳೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಳೆದುಕೊಂಡು, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳನ್ನಷ್ಟೇ ಉಳಿಸಿಕೊಂಡ ನೆಲ. ಬಾವಿಗೆ ಕೊಡಲು ಅದರಲ್ಲಿ ಏನೂ ಉಳಿದಿಲ್ಲ.

ತೋಟಕ್ಕೆ ಹಾಕುವಂತೆ ಇದಕ್ಕೂ ಸುಣ್ಣ ಹಾಕೆಂದು ಅಪ್ಪಯ್ಯ ಹೇಳಿದರು. ಅದನ್ನು ಮಾಡಲಿಲ್ಲ. ಅರಳಿದ ಸುಣ್ಣ ಚಿಟಿಕೆಯಷ್ಟು ಬಿದ್ದರೂ ಇಂಥ ಮೆದು ನೀರಿನ ಪಿಎಚ್ ಗಂಟೆಯೊಳಗೆ ಮೇಲಕ್ಕೆ ಹಾರಿ ಮೀನುಗಳು ಉಳಿಯಲಾರವು. ಕಪ್ಪೆಚಿಪ್ಪು ಹಾಗಲ್ಲ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲೀಯ ನೀರಿನಲ್ಲಿ ನಿಧಾನವಾಗಿ ಕರಗಿ ಜಿಎಚ್ ಮತ್ತು ಕೆಎಚ್ ಎರಡನ್ನೂ ಸಮನಾಗಿ ಏರಿಸುತ್ತದೆ. ಪಿಎಚ್ ಏಳೂವರೆಯ ಹತ್ತಿರ ಬಂದಂತೆ ಕರಗುವುದೂ ಬಹುತೇಕ ನಿಲ್ಲುತ್ತದೆ. ಕೋಡಿಬಾಗದ ಮನೆಯೊಡತಿಗೆ ಫೋನ್ ಮಾಡಿದಾಗ, ಅವರ ಹಿತ್ತಲಿನಲ್ಲಿ ರಾಶಿಬಿದ್ದಿದ್ದ ತಿಸರೆಯ ಚಿಪ್ಪುಗಳನ್ನು ತೊಳೆದು ಒಂದು ಚೀಲ ತುಂಬಿ ಶಿರಸಿಗೆ ಬರುವವರೊಬ್ಬರ ಕೈಯಲ್ಲಿ ಕಳಿಸಿದರು. ಆಯಿ ಅವನ್ನು ಅಡಿಗೆಮನೆಯ ಹತ್ತಿರ ಸುಳಿಯಗೊಡಲಿಲ್ಲ. ಬಚ್ಚಲ ಒಲೆಯ ಮೇಲೆ ಹಳೆಯ ಪಾತ್ರೆಯಲ್ಲಿ ಕುದಿಸಿ, ಉಪ್ಪು ಹೋಗಲು ನಾಲ್ಕು ದಿನ ನೀರು ಬದಲಿಸುತ್ತ ನೆನೆಹಾಕಿ, ಜಜ್ಜಿ, ಕಾಲು ಕಿಲೋದಷ್ಟನ್ನು ಬಲೆಯ ಚೀಲದಲ್ಲಿ ಶೋಧಕದ ಬಾಯಿಗೆ ಕಟ್ಟಿದೆ. ಚಿಪ್ಪೋ ಬೇರೆ ಕಲ್ಲೋ ಎಂಬ ಸಂಶಯವಿದ್ದರೆ ಲಿಂಬೆರಸದ ಹನಿ ಬಿಟ್ಟು ನೋಡಬಹುದು, ಸುಣ್ಣದ ಅಂಶವಿದ್ದರೆ ನೊರೆಯೇಳುತ್ತದೆ.

ಇದು ತಾಳ್ಮೆ ಬೇಡುವ ದಾರಿ. ಮೊದಲ ವಾರ ಅರ್ಧ ಡಿಗ್ರಿಯೂ ಏರಲಿಲ್ಲ. ಎರಡನೆಯ ವಾರದ ಕೊನೆಗೆ ಎರಡು, ನಾಲ್ಕನೆಯ ವಾರದ ಕೊನೆಗೆ ಕೆಎಚ್ ಮೂರು, ಜಿಎಚ್ ನಾಲ್ಕರ ಹತ್ತಿರ ಬಂದಿತು. ಪಿಎಚ್ ಏಳಕ್ಕೆ ನಿಂತಿತು. ಹೀಗೆ ನಿಧಾನವಾಗಿ ಏರಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಗಡಸುತನ ಕಡಿಮೆಯಿರುವುದಕ್ಕಿಂತ ಅದು ಥಟ್ಟನೆ ಬದಲಾಗುವುದೇ ಗಿಡಗಳಿಗೂ ಮೀನಿಗೂ ಹೆಚ್ಚಿನ ಪೆಟ್ಟು. ಕಾರವಾರದ ಹತ್ತು ಡಿಗ್ರಿಯಿಂದ ಒಂದಕ್ಕೆ ಒಂದೇ ಸಂಜೆಯಲ್ಲಿ ನಾನೇ ಅವನ್ನು ಇಳಿಸಿದ್ದೆ. ವ್ಯಾಲಿಸ್ನೇರಿಯಾ ಎಲ್ಲಕ್ಕಿಂತ ಮೊದಲು ಹೋದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಇಂಗಾಲಕ್ಕಾಗಿ ಅದು ನೀರಿನ ಬೈಕಾರ್ಬೊನೇಟನ್ನೂ ಬಳಸಬಲ್ಲ ಗಿಡ. ಗಡಸು ನೀರಿನಲ್ಲಿ ಅದಕ್ಕಿದ್ದ ಆ ಅನುಕೂಲ ಇಲ್ಲಿ ಇಲ್ಲವಾಯಿತು.

ಅಕ್ಟೋಬರ್ ಮುಗಿಯುವಾಗ ಸ್ವೋರ್ಡಿನ ಸುಳಿ ನೆಟ್ಟಗಾಯಿತು. ಆದರೆ ಅದೇ ಹೊತ್ತಿಗೆ ಕೆಳಗಿನ ಎಲೆಗಳಲ್ಲಿ ನರಗಳ ನಡುವೆ ಹಳದಿ ಬಣ್ಣ ಕಾಣಿಸಿತು. ಈ ಸಲ ನಾನು ಗೊಬ್ಬರದ ಬಾಟಲಿಗೆ ಕೈ ಹಾಕದೆ ವರದಿಯನ್ನು ತೆಗೆದು ನೋಡಿದೆ. ಚಿಪ್ಪಿನಿಂದ ಏರಿದ ಜಿಎಚ್ ಎಲ್ಲವೂ ಕ್ಯಾಲ್ಸಿಯಂನದು. ಮೆಗ್ನೀಸಿಯಂ ಹಿಂದಿನ ಒಂದೂವರೆ ಮಿಲಿಗ್ರಾಂನಲ್ಲಿಯೇ ಇತ್ತು. ಜಿಎಚ್ ಕಿಟ್ ಇವೆರಡನ್ನೂ ಒಟ್ಟಾಗಿ ಅಳೆಯುವುದರಿಂದ ಅಂಕಿ ಸರಿಯಾಗಿ ಕಂಡರೂ ಒಂದು ಅಂಶ ಕಾಣೆಯಾಗಿರಬಹುದು. ಅಡಿಕೆಗೆ ಹಾಕುವ ಮೆಗ್ನೀಸಿಯಂ ಸಲ್ಫೇಟ್, ಎಂದರೆ ಎಪ್ಸಂ ಉಪ್ಪು, ಗೊಬ್ಬರದ ಅಂಗಡಿಯಲ್ಲಿ ಕಿಲೋಗೆ ನೂರು ರೂಪಾಯಿಯೊಳಗೆ ಸಿಕ್ಕಿತು. 100 ಲೀಟರಿಗೆ 4.4 ಗ್ರಾಂ ಹಾಕಿದರೆ ಜಿಎಚ್ ಒಂದು ಡಿಗ್ರಿ ಏರುತ್ತದೆ, ಕೆಎಚ್ ಬದಲಾಗುವುದಿಲ್ಲ. ಅದನ್ನು ಮೂರು ದಿನಗಳಲ್ಲಿ ಹಂಚಿ ಹಾಕಿದೆ. ಚಿಪ್ಪು ಸಿಗದವರು ಕ್ಯಾಲ್ಸಿಯಂಗಾಗಿ ಶುದ್ಧ ಜಿಪ್ಸಂ ಬಳಸಬಹುದು, 100 ಲೀಟರಿಗೆ ಮೂರು ಗ್ರಾಂಗೆ ಜಿಎಚ್ ಒಂದು ಡಿಗ್ರಿ. ಕೆಎಚ್ ಮಾತ್ರ ಬೇಕಿದ್ದರೆ ಅಡುಗೆ ಸೋಡಾ, ಅದೂ ಡಿಗ್ರಿಗೆ ಮೂರು ಗ್ರಾಂ. ಇವನ್ನು ಚಮಚದಲ್ಲಿ ಅಳೆಯಬೇಡಿ. ಬೆಳ್ಳಿ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ನಾಲ್ಕು ನೂರರೊಳಗೆ ಸಿಗುತ್ತದೆ.

ಗೊಬ್ಬರವನ್ನು ನಾನು ಮತ್ತೆ ಆರಂಭಿಸಿದ್ದು ನವೆಂಬರಿನಲ್ಲಿ, ನೀರು ಸರಿಹೋದ ಮೇಲೆ. ತೋಟದ ಗೊಬ್ಬರಗಳಲ್ಲಿಯೇ ಅಮೋನಿಯಂ ಇಲ್ಲದವನ್ನು ಆರಿಸಿಕೊಂಡೆ. 13:0:45 ಎಂಬುದು ಪೊಟ್ಯಾಸಿಯಂ ನೈಟ್ರೇಟ್. ಅದರ ಒಂದು ಗ್ರಾಂ ನನ್ನ ತೊಟ್ಟಿಗೆ ಲೀಟರಿಗೆ ಆರು ಮಿಲಿಗ್ರಾಂ ನೈಟ್ರೇಟ್ ಕೊಡುತ್ತದೆ. 0:52:34 ಎಂಬುದು ಮೋನೊ ಪೊಟ್ಯಾಸಿಯಂ ಫಾಸ್ಫೇಟ್, 0.14 ಗ್ರಾಂಗೆ ಒಂದು ಮಿಲಿಗ್ರಾಂ ಫಾಸ್ಫೇಟ್. ವಾರಕ್ಕೊಮ್ಮೆ ಇಷ್ಟು ಹಾಕುತ್ತೇನೆ. ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರಗಿನಿಂದ ಕೊಡದ, ದಿನಕ್ಕೆ ಏಳು ಗಂಟೆ ದೀಪ ಉರಿಯುವ ತೊಟ್ಟಿಗೆ ಇದಕ್ಕಿಂತ ಹೆಚ್ಚು ಬೇಡ. ಕಬ್ಬಿಣ ಮತ್ತು ಫಾಸ್ಫೇಟ್ ಒಂದಕ್ಕೊಂದು ಅಂಟಿ ತಳ ಸೇರುವುದರಿಂದ ಅವನ್ನು ಬೇರೆ ಬೇರೆ ದಿನ ಹಾಕುತ್ತೇನೆ. ಡಿಸೆಂಬರಿನಲ್ಲಿ ಹೈಗ್ರೊಫಿಲಾದ ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ಅದು ಪೊಟ್ಯಾಸಿಯಂನ ಕೊರತೆ. 0:0:50 ಅರ್ಧ ಗ್ರಾಂ ಸೇರಿಸಿದ ಮೇಲೆ ಹೊಸ ತೂತುಗಳು ಬರಲಿಲ್ಲ. ಹಾಳಾದ ಎಲೆ ಸರಿಯಾಗುವುದನ್ನು ಕಾಯಬಾರದು. ಮುಂದೆ ಬರುವ ಎಲೆಯನ್ನು ನೋಡಬೇಕು, ಅದಕ್ಕೆ ಎರಡು ಮೂರು ವಾರ ಬೇಕು, ಅಷ್ಟರೊಳಗೆ ಬೇರೇನನ್ನೂ ಬದಲಿಸಬಾರದು. ನನಗೆ ಅತ್ಯಂತ ಕಷ್ಟವಾದದ್ದು ಈ ಸುಮ್ಮನಿರುವಿಕೆಯೇ.

ಇನ್ನೆರಡು ಮಾತು ತೋಟದ ಮನೆಯವರಿಗಾಗಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಬಳಸಿದ ಬಕೆಟ್ಟು, ಕೊಳವೆ, ಡ್ರಮ್ಮು ಯಾವುದನ್ನೂ ಎಷ್ಟು ತೊಳೆದರೂ ತೊಟ್ಟಿಯ ಕೆಲಸಕ್ಕೆ ತರಬೇಡಿ. ಮೈಲುತುತ್ತಿನ ತಾಮ್ರ ಸಿಗಡಿ ಮತ್ತು ಬಸವನಹುಳುಗಳನ್ನು ಬಹಳ ಸಣ್ಣ ಪ್ರಮಾಣದಲ್ಲಿಯೇ ಕೊಲ್ಲುತ್ತದೆ. ಮೆದು ನೀರಿನಲ್ಲಿ ಅದರ ವಿಷ ಇನ್ನೂ ತೀವ್ರ. ಬೇಸಿಗೆಯಲ್ಲಿ ನೀರು ಆವಿಯಾಗಿ ಕಡಿಮೆಯಾದಾಗ ಖನಿಜ ಬೆರೆಸಿದ ನೀರನ್ನು ತುಂಬಬೇಡಿ, ಬಾವಿಯ ಮೆದು ನೀರನ್ನೇ ತುಂಬಿ. ಆವಿಯಾಗಿ ಹೋಗುವುದು ನೀರು ಮಾತ್ರ, ಖನಿಜ ತೊಟ್ಟಿಯಲ್ಲಿಯೇ ಉಳಿದಿರುತ್ತದೆ.

ಈಗ ಮಾರ್ಚ್. ಜಿಎಚ್ ಐದು, ಕೆಎಚ್ ಮೂರರಲ್ಲಿ ನಿಂತಿದೆ. ರೋಟಲಾ ಕಾರವಾರದಲ್ಲಿ ಎಂದೂ ಕಾಣದಷ್ಟು ಕೆಂಪಾಗಿದೆ. ಉಳಿದ ಗಪ್ಪಿಗಳಿಗೆ ಇನ್ನೂ ಗಡಸಾದ ನೀರು ಹಿತವೆಂದು ಅವನ್ನು ಕಾರವಾರದ ಸ್ನೇಹಿತೆಯೊಬ್ಬರಿಗೆ ಕೊಟ್ಟಿದ್ದೇನೆ. ಪೂರ್ತಿ ಕರಗಿಹೋಯಿತೆಂದು ಕೈಬಿಟ್ಟಿದ್ದ ಕ್ರಿಪ್ಟೊಕೊರೈನ್ ಮರಳಿನೊಳಗಿದ್ದ ಬೇರಿನಿಂದಲೇ ಚಿಗುರಿ ಈಗ ಮೂರು ಗಿಡಗಳಾಗಿದೆ. ಅವುಗಳಲ್ಲೊಂದನ್ನು ಒದ್ದೆ ಕಾಗದದಲ್ಲಿ ಸುತ್ತಿ, ಚಿಪ್ಪು ಕಳಿಸಿದ ಮನೆಯೊಡತಿಗೆ ಕಳೆದ ಭಾನುವಾರ ಕೊಟ್ಟು ಕಳಿಸಿದೆ. ಅವರ ಬಾವಿಯ ನೀರಿಗೆ ಬಿದ್ದ ಮೊದಲ ವಾರವೇ ಎಲೆಗಳೆಲ್ಲ ಕರಗಬಹುದು, ಬೇರನ್ನು ಮಾತ್ರ ಕೀಳಬೇಡಿ, ಒಂದೂವರೆ ತಿಂಗಳು ಹಾಗೆಯೇ ಬಿಡಿ ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದೇನೆ.